ಬೆಳಗಿನ ಚಳಿಗೆ ಕರಕರ ಅನ್ನುವ ಎಸ್‌ಎಂಪಿಎಸ್: ಒಂದು ಫ್ಯಾನ್ ಬದಲಿಸಿದ ಪ್ರಕರಣ

ಮೈಸೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಹೈಸ್ಕೂಲಿನ ಸಮಾಜ ವಿಜ್ಞಾನ, ಪಿಯುಸಿ ಇತಿಹಾಸ, ಅರ್ಥಶಾಸ್ತ್ರ, ಹೀಗೆ. ಸ್ಟುಡಿಯೋ ಅಂತ ಏನೂ ಇಲ್ಲ. ಮನೆಯ ಹಿಂಬದಿಯ ಕೋಣೆ, ಒಂದು ಯುಎಸ್‌ಬಿ ಮೈಕ್, ಎಂಟೊಂಬತ್ತು ವರ್ಷ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ. ರಸ್ತೆಯಲ್ಲಿ ಗಾಡಿಗಳ ಓಡಾಟ ಶುರುವಾಗುವ ಮೊದಲೇ, ಬೆಳಗಿನ ಐದು ಗಂಟೆಗೆ ಕೂತು ಓದುತ್ತಾರೆ.

ಆ ಕಂಪ್ಯೂಟರ್ ಒಂದು ಡಿಸೆಂಬರ್‌ನಲ್ಲಿ ಸದ್ದು ಮಾಡಲು ಶುರು ಮಾಡಿತು. ಆನ್ ಮಾಡಿದ ಕೂಡಲೇ ಕರಕರ ಅನ್ನುವುದು. ಅರ್ಧ ಗಂಟೆ ಕಳೆದರೆ ಸ್ವಲ್ಪ ಕಡಿಮೆಯಾಗುವುದು. ಮಧ್ಯಾಹ್ನ ಆನ್ ಮಾಡಿದರೆ ಅಷ್ಟಾಗಿ ಕೇಳುತ್ತಲೇ ಇರಲಿಲ್ಲ. ಮೇಷ್ಟ್ರಿಗೆ ಬೇಕಾಗಿದ್ದ ಹೊತ್ತಿನಲ್ಲೇ ಸದ್ದು ಜೋರು, ಬೇಡದ ಹೊತ್ತಿನಲ್ಲಿ ಮೌನ. ಇದು ಯಾಕೆ ಹೀಗೆ ಅನ್ನುವುದರಲ್ಲೇ ಇಡೀ ಪ್ರಕರಣದ ಗುಟ್ಟು ಇತ್ತು.

ಸದ್ದನ್ನು ಆಡಾಸಿಟಿಯಲ್ಲೇ ತೆಗೆದುಹಾಕಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಒಂದೇ ಸಮನೆ ಬರುವ ಗುಂಯ್ ಸದ್ದಾದರೆ ತಕ್ಕಮಟ್ಟಿಗೆ ತೆಗೆಯಬಹುದು. ಆದರೆ ಇದು ತಟ್ ತಟ್ ಎಂದು ಬಿಟ್ಟು ಬಿಟ್ಟು ಬರುವ ಸದ್ದು. ಅದನ್ನು ತೆಗೆಯಲು ಹೋದರೆ ದನಿಯೂ ಕೆಡುತ್ತದೆ, ನೀರಿನೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಕಣ್ಣು ಕಾಣದ ಮಕ್ಕಳಲ್ಲಿ ಹಲವರು ಪಾಠವನ್ನು ಒಂದೂವರೆ, ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ. ಆ ವೇಗದಲ್ಲಿ ಕೆಟ್ಟ ದನಿಯನ್ನು ಗಂಟೆಗಟ್ಟಲೆ ಕೇಳುವುದು ನಿಜಕ್ಕೂ ಹಿಂಸೆ. ಅವರಿಗೆ ಪುಸ್ತಕ ಅಂದರೆ ಈ ದನಿಯೇ. ಹಾಗಾಗಿ ಸದ್ದನ್ನು ಮೂಲದಲ್ಲೇ ನಿಲ್ಲಿಸಬೇಕು ಅನ್ನುವುದರಲ್ಲಿ ರಿಪೇರಿಗೆ ಕೂತ ನನಗೆ ಅನುಮಾನ ಇರಲಿಲ್ಲ.

ಸದ್ದು ಎಲ್ಲಿಂದ?

ಕಂಪ್ಯೂಟರ್ ಡಬ್ಬದೊಳಗೆ ತಿರುಗುವ ವಸ್ತುಗಳು ಮೂರಿದ್ದವು. ಪ್ರೊಸೆಸರ್ ಮೇಲಿನ ಫ್ಯಾನ್, ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್ ಒಳಗಿನ ಫ್ಯಾನ್. ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಇಳಿಸಿ ಕೊಡುವ ಪೆಟ್ಟಿಗೆ. ಸದ್ದು ಮೇಲಿನ ಹಿಂಬದಿಯಿಂದ ಬರುತ್ತಿದೆ ಅನ್ನಿಸುತ್ತಿತ್ತು. ಆದರೆ ಕಿವಿಯನ್ನು ನಂಬಿ ಬಿಚ್ಚುವುದು ಸರಿಯಲ್ಲ. ತಗಡಿನ ಡಬ್ಬ ಸದ್ದನ್ನು ಎಲ್ಲೆಲ್ಲೋ ಹರಡುತ್ತದೆ.

ಇಲ್ಲಿ ಮೇಷ್ಟ್ರ ಮೈಕೇ ಕೆಲಸಕ್ಕೆ ಬಂತು. ಮೈಕನ್ನು ಡಬ್ಬದ ಹತ್ತಿರ ಇಟ್ಟು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದೆವು. ಆಡಾಸಿಟಿಯಲ್ಲಿ ಅಲೆಯನ್ನು ದೊಡ್ಡದು ಮಾಡಿ ನೋಡಿದಾಗ, ಚೂಪಾದ ಮುಳ್ಳುಗಳು ಒಂದೇ ಅಂತರದಲ್ಲಿ ಎದ್ದು ಕಂಡವು. ಎರಡು ಮುಳ್ಳುಗಳ ನಡುವೆ ಸುಮಾರು 67 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 15 ಸಲ, ನಿಮಿಷಕ್ಕೆ 900 ಸಲ. ಯಾವುದೋ ಒಂದು ವಸ್ತು ನಿಮಿಷಕ್ಕೆ 900 ಸುತ್ತು ತಿರುಗುತ್ತಾ, ಪ್ರತಿ ಸುತ್ತಿಗೂ ಒಂದು ಸಲ ಬಡಿಯುತ್ತಿದೆ ಎಂದಾಯಿತು.

ಹಾರ್ಡ್ ಡಿಸ್ಕ್ 7200 ಸುತ್ತಿನದು. ಅದಾಗಿದ್ದರೆ ಅಂತರ 8 ಮಿಲಿಸೆಕೆಂಡ್ ಆಸುಪಾಸು ಇರಬೇಕಿತ್ತು. ಪ್ರೊಸೆಸರ್ ಫ್ಯಾನಿನ ವೇಗವನ್ನು ಬಯೋಸ್ ಪರದೆಯೇ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ತೋರಿಸುತ್ತದೆ, ಅದು 2400ರ ಹತ್ತಿರ ಇತ್ತು. ಅದಾಗಿದ್ದರೆ 25 ಮಿಲಿಸೆಕೆಂಡ್. ಉಳಿದದ್ದು ಎಸ್‌ಎಂಪಿಎಸ್ ಫ್ಯಾನ್ ಒಂದೇ. ಈ ಬಗೆಯ ಸಾಮಾನ್ಯ ಎಸ್‌ಎಂಪಿಎಸ್‌ಗಳಲ್ಲಿ ಫ್ಯಾನಿನ ವೇಗ ತಿಳಿಸುವ ವೈರ್ ಹೊರಗೆ ಬರುವುದೇ ಇಲ್ಲ. ಅದರ ವೇಗ ಗೊತ್ತಾಗಿದ್ದೇ ಈ ರೆಕಾರ್ಡಿಂಗ್‌ನಿಂದ. ನಂತರ ಸ್ಪೆಕ್ಟ್ರಮ್, ಅಂದರೆ ಯಾವ ಕಂಪನದ ಸದ್ದು ಎಷ್ಟಿದೆ ಎಂದು ತೋರಿಸುವ ನಕ್ಷೆ, ನೋಡಿದಾಗ 105 ಹರ್ಟ್ಸ್ ಹತ್ತಿರ ಒಂದು ಗುಡ್ಡ ಕಂಡಿತು. ಏಳು ರೆಕ್ಕೆಯ ಫ್ಯಾನ್ ಸೆಕೆಂಡಿಗೆ 15 ಸುತ್ತು ತಿರುಗಿದರೆ ರೆಕ್ಕೆಗಳು ಗಾಳಿ ಸೀಳುವ ಸದ್ದು ಸರಿಯಾಗಿ 105 ಹರ್ಟ್ಸ್. ಲೆಕ್ಕ ಕೂಡಿತು. ಅದರ ಪಕ್ಕದಲ್ಲೇ 50 ಮತ್ತು 100 ಹರ್ಟ್ಸ್‌ನಲ್ಲೂ ಚೂಪಾದ ಗೆರೆಗಳಿದ್ದವು. ಅವು ಫ್ಯಾನಿನದಲ್ಲ, ಕರೆಂಟಿನವು. ಅವುಗಳ ಕಥೆ ಆಮೇಲೆ ಬರುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ. ಕಂಪ್ಯೂಟರ್ ನಡೆಯುತ್ತಿರುವಾಗ ಡಬ್ಬವನ್ನು ನಿಧಾನವಾಗಿ ಒಂದು ಕಡೆ ವಾಲಿಸಿದರೆ ಸದ್ದು ಬದಲಾಯಿತು. ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಆದ್ದರಿಂದ ಬಹಳ ಮೆಲ್ಲಗೆ ಮಾಡಬೇಕು. ವಾಲಿಸಿದಾಗ ಸದ್ದು ಬದಲಾದರೆ ತಪ್ಪು ಬೇರಿಂಗ್‌ನದು. ಹಾಗಲ್ಲದೆ ಸದ್ದು ಕೀಚಲಾಗಿದ್ದು, ಮೌಸ್ ಉರುಳಿಸಿದಾಗ, ವಿಡಿಯೋ ಹಾಕಿದಾಗ ಏರಿಳಿದರೆ ಅದು ಬೋರ್ಡ್ ಮೇಲಿನ ಕಾಯಿಲ್‌ನ (ತಂತಿ ಸುರುಳಿಯ) ಸದ್ದು. ಅಂಥ ಸದ್ದಿಗೆ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ.

ಕೊಬ್ಬರಿ ಎಣ್ಣೆಯ ಪಾತ್ರ

ವಿಚಾರಿಸಿದಾಗ ಒಂದು ವಿಷಯ ಹೊರಬಂತು. ಹಿಂದಿನ ಬೇಸಿಗೆಯಲ್ಲಿ ಇದೇ ಫ್ಯಾನ್ ಸ್ವಲ್ಪ ಸದ್ದು ಮಾಡಿತ್ತು. ಆಗ ರಿಪೇರಿಗೆ ಬಂದ ಹುಡುಗನೊಬ್ಬ ಮನೆಯಲ್ಲೇ ಇದ್ದ ಕೊಬ್ಬರಿ ಎಣ್ಣೆಯ ಎರಡು ಹನಿ ಬಿಟ್ಟು ಹೋಗಿದ್ದ. ಸದ್ದು ನಿಂತೇ ಹೋಗಿತ್ತು. ಎಲ್ಲರಿಗೂ ಸಮಾಧಾನವಾಗಿತ್ತು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಲು ಶುರುವಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕರಗಿಸುವುದು ನಮ್ಮೆಲ್ಲರಿಗೂ ಗೊತ್ತು. ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಆ ಕೋಣೆಯ ಉಷ್ಣತೆ 19 ಡಿಗ್ರಿ ಇತ್ತು. ಆ ಎಣ್ಣೆಗೆ ಬಾಟಲಿಯೊಳಗೆ ಏನಾಗುತ್ತದೋ ಬೇರಿಂಗ್‌ನೊಳಗೂ ಅದೇ ಆಗಿತ್ತು. ಗಟ್ಟಿಯಾದ ಎಣ್ಣೆ ಜಾರಿಸುವುದಿಲ್ಲ, ಹಿಡಿಯುತ್ತದೆ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಕರಗುತ್ತದೆ, ಸದ್ದು ತಗ್ಗುತ್ತದೆ. ಬೆಳಿಗ್ಗೆ ಜೋರು, ಮಧ್ಯಾಹ್ನ ಮೌನ ಅನ್ನುವುದಕ್ಕೆ ಕಾರಣ ಇದೇ.

ಆದರೆ ಎಲ್ಲ ತಪ್ಪನ್ನೂ ಎಣ್ಣೆಯ ಮೇಲೆ ಹಾಕುವಂತಿಲ್ಲ. ಬೇಸಿಗೆಯಲ್ಲೇ ಸದ್ದು ಬಂದಿತ್ತು ಅಂದರೆ ಬೇರಿಂಗ್ ಆಗಲೇ ಸವೆಯುತ್ತಿತ್ತು. ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಲೀವ್ ಬೇರಿಂಗ್. ಕಂಚಿನ ಪುಡಿಯನ್ನು ಒತ್ತಿ ಮಾಡಿದ ಒಂದು ಪುಟ್ಟ ಕೊಳವೆ, ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ತುಂಬಿರುತ್ತದೆ. ಉಕ್ಕಿನ ದಂಡ ಅದರೊಳಗೆ ತಿರುಗುತ್ತದೆ. ದಂಡ ಅಡ್ಡವಾಗಿದ್ದರೆ ಈ ಬೇರಿಂಗ್ ಚೆನ್ನಾಗಿ ಬಾಳುತ್ತದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಫ್ಯಾನ್ ಮಾತ್ರ ನೆಲಕ್ಕೆ ಮುಖ ಮಾಡಿ ಮಲಗಿರುತ್ತದೆ. ದಂಡ ನೆಟ್ಟಗೆ ನಿಲ್ಲುತ್ತದೆ, ರೆಕ್ಕೆಯ ಭಾರವೆಲ್ಲ ಒಂದೇ ತುದಿಗೆ ಬೀಳುತ್ತದೆ, ಎಣ್ಣೆ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಅದರ ಮೇಲೆ ಡಬ್ಬದೊಳಗಿನ ಬಿಸಿ ಗಾಳಿ ಎಲ್ಲ ಆ ಫ್ಯಾನಿನ ಮೂಲಕವೇ ಹಾದುಹೋಗುತ್ತದೆ. ಬೇರೆ ಫ್ಯಾನ್‌ಗಳಿಗಿಂತ ಇದು ಬೇಗ ಕೆಡುವುದು ಅದಕ್ಕೇ.

ಬಿಚ್ಚುವ ಮೊದಲು

ಇಲ್ಲಿ ನಿಧಾನವಾಗಿ ಹೇಳಬೇಕು. ಇಡೀ ಕಂಪ್ಯೂಟರ್‌ನಲ್ಲಿ ಜೀವಕ್ಕೆ ಅಪಾಯ ಇರುವ ಭಾಗ ಇದೊಂದೇ. ಮನೆಗೆ ಬರುವ 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ದೊಡ್ಡ ಕೆಪಾಸಿಟರ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಹೊಸ ಮಾದರಿಗಳಲ್ಲಿ ಇದು 380, 400 ವೋಲ್ಟ್‌ವರೆಗೂ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಸಾಮಾನ್ಯವಾಗಿ ಅದನ್ನು ಇಳಿಸಲು ಒಳಗೆ ರೆಸಿಸ್ಟರ್‌ಗಳಿರುತ್ತವೆ. ಆದರೆ ಹಳೆಯ ಬೋರ್ಡ್‌ನಲ್ಲಿ ಆ ರೆಸಿಸ್ಟರ್ ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮಲ್ಟಿಮೀಟರ್ ಇಲ್ಲದವರು, ಅದನ್ನು ಹಿಡಿಯುವ ಅಭ್ಯಾಸ ಇಲ್ಲದವರು ಎಸ್‌ಎಂಪಿಎಸ್ ಮುಚ್ಚಳ ತೆಗೆಯಲೇಬಾರದು. ಇದರಲ್ಲಿ ನನ್ನ ಮಾತು ಗಟ್ಟಿ. ಹೊಸದೊಂದನ್ನು ಕೊಂಡು ಹಾಕುವುದು ಹೆಚ್ಚು ಕ್ಷೇಮ.

ಮೊದಲು ಪ್ಲಗ್ ಕಿತ್ತು ಪವರ್ ಬಟನ್ ಒತ್ತಿ ಹಿಡಿದೆ. ಉಳಿದ ಚಾರ್ಜ್ ಸ್ವಲ್ಪ ಹೀಗೆ ಇಳಿಯುತ್ತದೆ. ಆಮೇಲೆ ಮದರ್‌ಬೋರ್ಡ್, ಪ್ರೊಸೆಸರ್, ಡಿಸ್ಕ್‌ಗಳ ಕನೆಕ್ಟರ್ ಬಿಡಿಸಿ, ಹಿಂಬದಿಯ ನಾಲ್ಕು ಸ್ಕ್ರೂ ತೆಗೆದು ಎಸ್‌ಎಂಪಿಎಸ್ ಹೊರತೆಗೆದೆ. ಮುಚ್ಚಳಕ್ಕೆ ಇನ್ನೂ ನಾಲ್ಕು ಸ್ಕ್ರೂ. ಅದರಲ್ಲಿ ಒಂದು ವಾರಂಟಿ ಸ್ಟಿಕ್ಕರ್ ಕೆಳಗೆ ಅಡಗಿತ್ತು. ವಾರಂಟಿ ಎಂದೋ ಮುಗಿದಿತ್ತು. ಇನ್ನೂ ವಾರಂಟಿ ಇದ್ದರೆ ಆ ಸ್ಟಿಕ್ಕರ್ ಮುಟ್ಟದೆ ಅಂಗಡಿಗೇ ಕೊಡಿ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಅಳೆಯುವುದು. ಒಂದು ಕೈಯನ್ನು ಹಿಂದಕ್ಕೆ ಇಟ್ಟು, ಮೀಟರನ್ನು 1000 ವೋಲ್ಟ್ ಡಿಸಿಗೆ ಹಾಕಿ, ಎರಡು ದೊಡ್ಡ ಕೆಪಾಸಿಟರ್‌ಗಳನ್ನೂ ಅಳೆದೆ. ಒಂದೊಂದರಲ್ಲೂ ಕೆಲವೇ ವೋಲ್ಟ್ ಉಳಿದಿತ್ತು. ಹೆಚ್ಚಿದ್ದರೆ ಅಂತ 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಚೆನ್ನಾಗಿ ಮುಚ್ಚಿದ ವೈರ್ ಬೆಸೆದು ಇಟ್ಟುಕೊಂಡಿದ್ದೆ. ಇದರಲ್ಲಿ 470 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳು ಸೀರೀಸ್‌ನಲ್ಲಿದ್ದವು, ಅಂದರೆ ಒಟ್ಟು 235. ಆ ರೆಸಿಸ್ಟರ್ ಹಿಡಿದರೆ ಹನ್ನೆರಡು ಸೆಕೆಂಡ್ ಆಸುಪಾಸಿನಲ್ಲಿ ಬಹುತೇಕ ಖಾಲಿಯಾಗುತ್ತದೆ. ಕೆಲವರು ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಅನ್ನಿಸುತ್ತಾರೆ. ದಯವಿಟ್ಟು ಬೇಡ. ಕಿಡಿ ಹಾರುತ್ತದೆ, ಬೋರ್ಡ್‌ನ ತಾಮ್ರ ಸುಡುತ್ತದೆ, ಕಣ್ಣಿಗೂ ಅಪಾಯ.

ಒಳಗಿನ ಹೀಟ್‌ಸಿಂಕ್‌ಗಳ (ಬಿಸಿ ಹೀರಿಕೊಳ್ಳುವ ಲೋಹದ ತುಂಡುಗಳ) ಬಗ್ಗೆಯೂ ಒಂದು ಮಾತು. ಮೇನ್ಸ್ ಬದಿಯ ಹೀಟ್‌ಸಿಂಕ್ ಎಷ್ಟೋ ಮಾದರಿಗಳಲ್ಲಿ ನೇರವಾಗಿ ಹೈ ವೋಲ್ಟೇಜ್‌ಗೆ ಸೇರಿಕೊಂಡಿರುತ್ತದೆ. ನೋಡಲು ಸುಮ್ನೆ ಅಲ್ಯೂಮಿನಿಯಂ ತುಂಡು. ಹಾಗಾಗಿ ಮುಚ್ಚಳ ತೆರೆದಿರುವಾಗ ನಾನು ಒಂದು ಕ್ಷಣಕ್ಕೂ ಕರೆಂಟ್ ಕೊಡಲಿಲ್ಲ.

ಒಳಗೆ ಕಂಡದ್ದು

ಧೂಳು ಅಷ್ಟೇನೂ ಇರಲಿಲ್ಲ. ಬ್ರಷ್‌ನಿಂದ ತೆಗೆದೆ. ಔಟ್‌ಪುಟ್ ಬದಿಯ ಕೆಪಾಸಿಟರ್‌ಗಳನ್ನು ಟಾರ್ಚ್ ಹಾಕಿ ನೋಡಿದೆ. ಯಾವುದೂ ಊದಿಕೊಂಡಿರಲಿಲ್ಲ, ಕಂದು ಅಂಟು ಸೋರಿರಲಿಲ್ಲ. ಇದು ನಿಜಕ್ಕೂ ಮುಖ್ಯ. ಫ್ಯಾನ್ ಬದಲಿಸಬೇಕೋ, ಎಸ್‌ಎಂಪಿಎಸ್ ಅನ್ನೇ ಬದಲಿಸಬೇಕೋ ಅನ್ನುವುದನ್ನು ನಾನು ತೀರ್ಮಾನಿಸುವುದು ಈ ಕೆಪಾಸಿಟರ್‌ಗಳನ್ನು ನೋಡಿಯೇ.

ಫ್ಯಾನ್ 120 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪ. 12 ವೋಲ್ಟ್, 0.20 ಆಂಪಿಯರ್ ಎಂದು ಚೀಟಿಯಲ್ಲಿತ್ತು. ಎರಡೇ ವೈರ್. ಹಿಂಬದಿಯ ಚೀಟಿ ಎಬ್ಬಿಸಿ, ಕೆಳಗಿನ ರಬ್ಬರ್ ಮುಚ್ಚಳ ತೆಗೆದು, ಸಣ್ಣ ಪ್ಲಾಸ್ಟಿಕ್ ವಾಷರ್ ಬಿಡಿಸಿ ರೆಕ್ಕೆಯನ್ನು ಹೊರಗೆಳೆದೆ. ದಂಡದ ಮೇಲೆ ಕಪ್ಪು ಅಂಟು. ಎಣ್ಣೆ, ಧೂಳು, ಕಂಚಿನ ಪುಡಿ ಎಲ್ಲ ಕಲಸಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಮತ್ತೆ ಜೋಡಿಸಿ, ಹೊರಗಡೆ 12 ವೋಲ್ಟ್ ಕೊಟ್ಟು ನೋಡಿದೆ. ಸದ್ದು ಬಹಳ ಕಡಿಮೆಯಾಯಿತು. ಆದರೆ ರೆಕ್ಕೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದರೆ ಎದ್ದು ಕಾಣುವಷ್ಟು ಆಟ ಇತ್ತು. ಕೊಳವೆಯ ತೂತು ಸವೆದು ಅಗಲವಾಗಿತ್ತು. ಈ ಹಂತದಲ್ಲಿ ಯಾವ ಎಣ್ಣೆ ಬಿಟ್ಟರೂ ಕೆಲವು ತಿಂಗಳ ಮಾತಷ್ಟೇ. ಆಟ ಇಲ್ಲದ, ಬರೀ ಒಣಗಿದ ಬೇರಿಂಗ್ ಆಗಿದ್ದರೆ ನಾನು ಎಣ್ಣೆಯಲ್ಲೇ ನಿಲ್ಲಿಸುತ್ತಿದ್ದೆ.

ಸರಿಯಾದ ಫ್ಯಾನ್ ಯಾವುದು?

ಈ ಕೆಲಸದಲ್ಲಿ ಜನ ಎಡವುವ ಜಾಗ ಇದು. ಬಿಚ್ಚುವುದು, ಬೆಸೆಯುವುದು ಕಷ್ಟವಲ್ಲ. ಅಳತೆ ಒಂದೇ ಇದೆ, 12 ವೋಲ್ಟ್ ಅಂತ ಬರೆದಿದೆ, ಸೈಲೆಂಟ್ ಅಂತಲೂ ಬರೆದಿದೆ ಎಂದು ತಂದು ಹಾಕುತ್ತಾರೆ. ಆದರೆ ಎಸ್‌ಎಂಪಿಎಸ್ ತನ್ನ ಫ್ಯಾನಿಗೆ 12 ವೋಲ್ಟ್ ಕೊಡುವುದೇ ಅಪರೂಪ. ಒಳಗೆ ಹೀಟ್‌ಸಿಂಕ್ ಹತ್ತಿರ ಬಿಸಿ ಎಷ್ಟಿದೆ ಎಂದು ಗುರುತಿಸುವ ಒಂದು ಥರ್ಮಿಸ್ಟರ್ ಇರುತ್ತದೆ. ಬಿಸಿ ಕಡಿಮೆ ಇದ್ದರೆ ಫ್ಯಾನಿಗೆ ಕಡಿಮೆ ವೋಲ್ಟೇಜ್, ಬಿಸಿ ಏರಿದಂತೆ ವೋಲ್ಟೇಜೂ ಏರುತ್ತದೆ.

ಈ ಎಸ್‌ಎಂಪಿಎಸ್ ಎಷ್ಟು ಕೊಡುತ್ತದೆ ಎಂದು ತಿಳಿಯಲು, ಹಳೆಯ ಫ್ಯಾನನ್ನೇ ಕೂರಿಸಿ, ಅದರ ಎರಡು ವೈರ್‌ಗಳಿಗೆ ಸಣ್ಣ ವೈರ್ ಬೆಸೆದು ಜಾಲರಿಯಿಂದ ಹೊರಕ್ಕೆ ತಂದೆ. ಮುಚ್ಚಳ ಹಾಕಿ ಸ್ಕ್ರೂ ಬಿಗಿದು, ಡಬ್ಬದಲ್ಲಿ ಕೂರಿಸಿ, ಆಮೇಲೆ ಆನ್ ಮಾಡಿ ಹೊರಗಿನಿಂದ ಅಳೆದೆ. ಬೆಳಗಿನ ಚಳಿಯಲ್ಲಿ ಆನ್ ಮಾಡಿದ ಕೂಡಲೇ 4.9 ವೋಲ್ಟ್. ಒಂದು ಗಂಟೆ ಕೆಲಸ ಮಾಡಿದ ಮೇಲೆ 5.6. ದೊಡ್ಡ ಫೈಲ್‌ಗಳನ್ನು ಎಂಪಿ3 ಮಾಡಲು ಬಿಟ್ಟಾಗ 6.5ರ ಹತ್ತಿರ.

4.9 ಅನ್ನುವ ಈ ಸಂಖ್ಯೆ ನನಗೆ ಬೇಕಾಗಿತ್ತು. ತಿರುಗುತ್ತಿರುವ ಫ್ಯಾನ್ ಕಡಿಮೆ ವೋಲ್ಟೇಜ್‌ನಲ್ಲೂ ತಿರುಗುತ್ತಲೇ ಇರುತ್ತದೆ. ನಿಂತಿರುವ ಫ್ಯಾನ್ ಹೊರಡಲು ಅದಕ್ಕಿಂತ ಜಾಸ್ತಿ ಬೇಕು. ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳಲ್ಲಿ ಆರಂಭದಲ್ಲಿ ಜೋರಾಗಿ ತಳ್ಳಿ ಬಿಡುವ ವ್ಯವಸ್ಥೆ ಇರುವುದಿಲ್ಲ. ಚಳಿಯ ಬೆಳಗಿನಲ್ಲಿ ವೋಲ್ಟೇಜ್ ಅತಿ ಕಡಿಮೆ, ಅದೇ ಹೊತ್ತಿಗೆ ಬೇರಿಂಗ್ ಎಣ್ಣೆಯೂ ಅತಿ ಗಟ್ಟಿ. ಹಳೆಯ ಫ್ಯಾನ್ ನರಳುತ್ತಿದ್ದದ್ದು ಈ ಎರಡೂ ಸೇರಿ.

ಎರಡು ಫ್ಯಾನ್‌ಗಳನ್ನು ತರಿಸಿ ನೋಡಿದೆ. ಮೊದಲನೆಯದು ನಿಮಿಷಕ್ಕೆ 800 ಸುತ್ತಿನ ಬಹಳ ಮೆತ್ತಗಿನ ಫ್ಯಾನ್. ವೋಲ್ಟೇಜ್ ಏರಿಳಿಸುವ ಬೆಂಚ್ ಸಪ್ಲೈಗೆ ಹಾಕಿ, ಎಸ್‌ಎಂಪಿಎಸ್‌ನಲ್ಲಿ ಇರುವ ಹಾಗೆಯೇ ಮುಖ ಕೆಳಗೆ ಮಾಡಿ ಹಿಡಿದು ಪರೀಕ್ಷಿಸಿದೆ. 6 ವೋಲ್ಟ್ ದಾಟುವವರೆಗೂ ಅದು ಅಲುಗಲಿಲ್ಲ. ಇದನ್ನು ಹಾಕಿದ್ದರೆ ಬೆಳಿಗ್ಗೆ ಪೂರ್ತಿ ಮೌನವೇನೋ ಸಿಗುತ್ತಿತ್ತು, ಫ್ಯಾನ್ ನಿಂತೇ ಇರುತ್ತಿದ್ದ ಕಾರಣಕ್ಕೆ. ಎರಡನೆಯದು 1500 ಸುತ್ತಿನದು, ದ್ರವ ಒತ್ತಡದ ಬೇರಿಂಗ್, ಅಂಗಡಿಯವರು ಹೈಡ್ರಾಲಿಕ್ ಬೇರಿಂಗ್ ಎಂದು ಕರೆಯುವ ಬಗೆ. ಅದು 4 ವೋಲ್ಟ್‌ಗೇ ಹೊರಟಿತು. ರಾತ್ರಿಯೆಲ್ಲ ಹೊರಗಿಟ್ಟು ಚಳಿ ಹಿಡಿಸಿ ಮತ್ತೆ ನೋಡಿದಾಗಲೂ ಹಾಗೇ ಹೊರಟಿತು. ಅದನ್ನೇ ಆರಿಸಿದೆ. ಆಂಪಿಯರ್ 0.15, ಹಳೆಯದಕ್ಕಿಂತ ಕಡಿಮೆ. ಇದನ್ನೂ ನೋಡಲೇಬೇಕು. ಫ್ಯಾನ್ ನಡೆಸುವ ಟ್ರಾನ್ಸಿಸ್ಟರ್ ಪುಟ್ಟದು, ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆಯುವ ಫ್ಯಾನ್ ಹಾಕಿದರೆ ಅದು ಬಿಸಿಯಾಗಿ ಸಾಯುತ್ತದೆ.

ಬಾಲ್ ಬೇರಿಂಗ್ ಯಾಕೆ ಬೇಡ? ಬಿಸಿಯಲ್ಲಿ ಬಾಳಿಕೆ ಬರುವುದು ಅದೇ, ಯಾವ ದಿಕ್ಕಿಗೆ ಇಟ್ಟರೂ ನಡೆಯುತ್ತದೆ. ಅಂಗಡಿ, ಕಾರ್ಖಾನೆಯ ಕಂಪ್ಯೂಟರ್ ಆಗಿದ್ದರೆ ನಾನು ಅದನ್ನೇ ಹಾಕುತ್ತಿದ್ದೆ. ಆದರೆ ಅದಕ್ಕೆ ತನ್ನದೇ ಒಂದು ಸಣ್ಣ ಸುಂಯ್ ದನಿ ಇದೆ. ಮೈಕಿನ ಪಕ್ಕದಲ್ಲಿ ಅದು ಬೇಡ ಅನ್ನಿಸಿತು.

ನಿಧಾನದ ಫ್ಯಾನ್ ಸಾಕಾಗುತ್ತದೆಯೇ ಅನ್ನುವುದು ನ್ಯಾಯವಾದ ಪ್ರಶ್ನೆ. ಈ ಕಂಪ್ಯೂಟರ್ ಗೋಡೆಯಿಂದ ಎಳೆಯುತ್ತಿದ್ದದ್ದು 80 ವ್ಯಾಟ್ ಅಷ್ಟೇ. ಎಸ್‌ಎಂಪಿಎಸ್ ದಕ್ಷತೆ ಶೇಕಡಾ 75 ಅಂದುಕೊಂಡರೂ ಅದರೊಳಗೆ ಬಿಸಿಯಾಗಿ ಉಳಿಯುವುದು 20 ವ್ಯಾಟ್. ಅಷ್ಟನ್ನು ಹೊರಹಾಕಲು ಮೆಲ್ಲನೆಯ ಗಾಳಿ ಸಾಕು. ಇದೇ ಎಸ್‌ಎಂಪಿಎಸ್ ಮೇಲೆ 200 ವ್ಯಾಟ್ ಭಾರ ಹಾಕಿದರೆ ಒಳಗಿನ ಬಿಸಿ 65 ವ್ಯಾಟ್ ದಾಟುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಈ ಫ್ಯಾನನ್ನು ನಾನು ಹಾಕುತ್ತಿರಲಿಲ್ಲ. ಇನ್ನು ವೇಗಕ್ಕೂ ಸದ್ದಿಗೂ ಇರುವ ಸಂಬಂಧ ಬಹಳ ಕಡಿದಾದದ್ದು. ವೇಗ ಅರ್ಧ ಮಾಡಿದರೆ ಗಾಳಿ ಅರ್ಧಕ್ಕೆ ಇಳಿಯುತ್ತದೆ, ಗಾಳಿಯ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಸ್ವಲ್ಪ ಗಾಳಿ ಬಿಟ್ಟುಕೊಟ್ಟರೆ ಬಹಳ ಮೌನ ಸಿಗುತ್ತದೆ.

ಜೋಡಣೆ

ಹೊಸ ಫ್ಯಾನಿಗೆ ಮೂರು ರಂಧ್ರದ ಕನೆಕ್ಟರ್. ಎಸ್‌ಎಂಪಿಎಸ್ ಬೋರ್ಡ್‌ನಲ್ಲಿ ಎರಡು ಪಿನ್‌ನ ಚಿಕ್ಕ ಕನೆಕ್ಟರ್. ಎರಡೂ ಕೂಡುವುದಿಲ್ಲ. ಹಳೆಯ ಫ್ಯಾನಿನ ಕನೆಕ್ಟರನ್ನು ಒಂದಿಷ್ಟು ವೈರ್ ಬಿಟ್ಟು ಕತ್ತರಿಸಿ, ಹೊಸ ಫ್ಯಾನಿನ ವೈರ್‌ಗೆ ಬೆಸೆದೆ. ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಬಟ್ಟೆ ಟೇಪ್, ಸಾದಾ ಪಿವಿಸಿ ಟೇಪ್ ಇಲ್ಲಿ ಬೇಡ, ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಕೆಲವು ಫ್ಯಾನ್‌ಗಳಲ್ಲಿ ಕಪ್ಪು ಗ್ರೌಂಡ್, ಕೆಂಪು 12 ವೋಲ್ಟ್, ಹಳದಿ ವೇಗದ ಸಿಗ್ನಲ್. ಇನ್ನು ಕೆಲವದರಲ್ಲಿ ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್, ಹಸಿರು ಸಿಗ್ನಲ್. ಒಂದೇ ಹಳದಿ ವೈರ್ ಎರಡು ಬೇರೆ ಕೆಲಸ ಮಾಡುತ್ತದೆ. ಹಾಗಾಗಿ ಬಣ್ಣ ನೋಡದೆ ಜಾಗ ನೋಡಬೇಕು. ಕನೆಕ್ಟರ್‌ನ ಒಂದನೇ ಪಿನ್ ಗ್ರೌಂಡ್, ನಡುವಿನದು 12 ವೋಲ್ಟ್, ಮೂರನೆಯದು ಸಿಗ್ನಲ್. ಸಿಗ್ನಲ್ ವೈರ್ ಇಲ್ಲಿ ಬೇಕಾಗಿಲ್ಲ. ಅದರ ತುದಿಯನ್ನು ಸ್ಲೀವ್‌ನಲ್ಲಿ ಮುಚ್ಚಿ ಕಟ್ಟಿದೆ.

ಹಳೆಯ ಫ್ಯಾನಿನ ಮೇಲೆ ಅರ್ಧ ಭಾಗ ಮುಚ್ಚುವಂತೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇತ್ತು. ಗಾಳಿಗೆ ಅಡ್ಡ ಎಂದು ಇದನ್ನು ಕಿತ್ತು ಎಸೆಯುವವರನ್ನು ನೋಡಿದ್ದೇನೆ. ಅದು ಅಲ್ಲಿರುವುದು ಬೇಕೆಂದೇ. ಹಿಂಬದಿಯ ಜಾಲರಿಯ ಹತ್ತಿರ ಬೀಳುವ ಗಾಳಿ ಏನನ್ನೂ ತಂಪು ಮಾಡದೆ ನೇರ ಹೊರಗೆ ಹೋಗಿಬಿಡುತ್ತದೆ. ಆ ಹಾಳೆ ಗಾಳಿಯನ್ನು ಒಳಭಾಗಕ್ಕೆ ತಳ್ಳುತ್ತದೆ. ಅದನ್ನು ಹೊಸ ಫ್ಯಾನಿಗೆ ವರ್ಗಾಯಿಸಿದೆ. ಗಾಳಿಯ ದಿಕ್ಕನ್ನು ಚೌಕಟ್ಟಿನ ಬಾಣದ ಗುರುತು ನೋಡಿ ಹೊಂದಿಸಿದೆ. ಈ ಬಗೆಯಲ್ಲಿ ಗಾಳಿ ಎಸ್‌ಎಂಪಿಎಸ್ ಒಳಕ್ಕೆ ಬೀಸಬೇಕು. ವೈರ್‌ಗಳು ರೆಕ್ಕೆಗೂ ಹೀಟ್‌ಸಿಂಕ್‌ಗೂ ತಾಗದಂತೆ ಒಂದು ಮೂಲೆಗೆ ಕಟ್ಟಿದೆ. 120 ಮಿಲಿಮೀಟರ್ ಫ್ಯಾನ್‌ಗಳ ಸ್ಕ್ರೂ ತೂತುಗಳ ಅಂತರ 105 ಮಿಲಿಮೀಟರ್, ಅದರಲ್ಲಿ ತೊಂದರೆ ಬರಲಿಲ್ಲ.

ಮುಚ್ಚಳ ಬಿಗಿದ ಮೇಲೆ ಮದರ್‌ಬೋರ್ಡ್‌ಗೆ ಕೊಡದೆ ಮೊದಲು ಸೀರೀಸ್ ಬಲ್ಬ್ ಹಾಕಿ, ಅಂದರೆ ಕರೆಂಟ್ ಒಂದು ಬಲ್ಬ್ ಮೂಲಕವೇ ಹಾದು ಎಸ್‌ಎಂಪಿಎಸ್‌ಗೆ ಹೋಗುವಂತೆ ಮಾಡಿ ನೋಡಿದೆ. ಟಿವಿ ರಿಪೇರಿ ಮಾಡುವವರ ಹಳೆಯ ಪದ್ಧತಿ ಇದು. 60 ವ್ಯಾಟ್‌ನ ಹಳೆಯ ಬಲ್ಬ್ ಒಮ್ಮೆ ಮಿನುಗಿ ಆರಿತು. ಶಾರ್ಟ್ ಇದ್ದಿದ್ದರೆ ಪೂರ್ತಿ ಉರಿಯುತ್ತಿತ್ತು. ನಂತರ ಬಲ್ಬ್ ತೆಗೆದು, ಪ್ಲಗ್ ನೇರ ಹಾಕಿ, ಹಳೆಯ ಹಾರ್ಡ್ ಡಿಸ್ಕೊಂದನ್ನು ಭಾರಕ್ಕೆ ಕೊಟ್ಟು, ದೊಡ್ಡ ಕನೆಕ್ಟರ್‌ನ ಹಸಿರು ವೈರನ್ನು ಕಪ್ಪಿಗೆ ಸೇರಿಸಿ ಚಾಲೂ ಮಾಡಿದೆ. ಹಳದಿಯಲ್ಲಿ 11.94, ಕೆಂಪಿನಲ್ಲಿ 5.06, ಕಿತ್ತಳೆಯಲ್ಲಿ 3.31 ವೋಲ್ಟ್. ಶೇಕಡಾ 5ರ ಏರುಪೇರು ನಡೆಯುತ್ತದೆ, ಅಂದರೆ 12 ವೋಲ್ಟ್ ಲೈನ್ 11.4ರಿಂದ 12.6ರೊಳಗೆ ಇದ್ದರೆ ಸಾಕು. ಹಿಂಬದಿಯ 115/230 ಸ್ವಿಚ್ ಮೇಲೆ ಟೇಪ್ ಅಂಟಿಸಿದೆ. ನಮ್ಮ 230 ವೋಲ್ಟ್‌ನಲ್ಲಿ ಯಾರಾದರೂ ಅದನ್ನು 115ಕ್ಕೆ ತಳ್ಳಿದರೆ ಒಳಗಿನ ಕೆಪಾಸಿಟರ್‌ಗಳ ಮೇಲೆ ಅವು ತಡೆಯುವುದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬಿದ್ದು ಸಿಡಿಯುತ್ತವೆ.

ಫಲಿತಾಂಶ, ಮತ್ತು ಉಳಿದ ಗುಂಯ್

ಹೊರಬರುವ ಗಾಳಿಯ ಉಷ್ಣತೆಯನ್ನು ಮೊದಲೇ ಅಳೆದಿಟ್ಟಿದ್ದೆ. ಹಳೆಯ ಫ್ಯಾನ್‌ನಲ್ಲಿ ಕೋಣೆಗಿಂತ 9 ಡಿಗ್ರಿ ಹೆಚ್ಚು. ಹೊಸದರಲ್ಲಿ 12 ಡಿಗ್ರಿ. ಮೂರು ಡಿಗ್ರಿ ಏರಿಕೆ ನನಗೆ ಒಪ್ಪಿಗೆಯಾಯಿತು. ಹತ್ತು ಏರಿದ್ದರೆ ಒಪ್ಪುತ್ತಿರಲಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕೆಲಸದವರೆಲ್ಲ ಇಟ್ಟುಕೊಳ್ಳುವ ಅಂದಾಜು.

ಮರುದಿನ ಬೆಳಿಗ್ಗೆ ಮೇಷ್ಟ್ರ ಜಾಗದಲ್ಲೇ ಮೈಕ್ ಇಟ್ಟು, ಯಾರೂ ಮಾತಾಡದೆ ರೆಕಾರ್ಡ್ ಮಾಡಿದೆವು. ಮೊದಲು ಮೈನಸ್ 46 ಡೆಸಿಬೆಲ್ ಇದ್ದ ಹಿನ್ನೆಲೆ ಸದ್ದು ಮೈನಸ್ 57ಕ್ಕೆ ಇಳಿದಿತ್ತು (ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸದ್ದು ಕಡಿಮೆ). ಮುಳ್ಳುಗಳು ಮಾಯ. ಆದರೆ ಆಡಿಯೋ ಪುಸ್ತಕಗಳಿಗೆ ಸಾಮಾನ್ಯವಾಗಿ ಕೇಳುವ ಮೈನಸ್ 60 ಇನ್ನೂ ಮುಟ್ಟಿರಲಿಲ್ಲ. ಸ್ಪೆಕ್ಟ್ರಮ್‌ನಲ್ಲಿ 50 ಮತ್ತು 100 ಹರ್ಟ್ಸ್ ಗೆರೆಗಳು ಹಾಗೇ ನಿಂತಿದ್ದವು.

ಆ ಡಬ್ಬ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದು ಮೇಷ್ಟ್ರ ಮನೆಯವರು ಹೇಳಿದ್ದರು. ಎರಡಕ್ಕೂ ಕಾರಣ ಒಂದೇ. ಕಂಪ್ಯೂಟರ್ ಪ್ಲಗ್ ಮೂರು ಪಿನ್‌ನದೇ, ಆದರೆ ಅದು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡ್‌ನ ವೈರ್ ಎರಡೆಳೆಯದು. ಅರ್ಥ್ ಎಲ್ಲಿಗೂ ಹೋಗುತ್ತಿರಲಿಲ್ಲ. ಎಸ್‌ಎಂಪಿಎಸ್ ಬಾಯಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ತಗಡಿನ ಡಬ್ಬಕ್ಕೆ ಸಣ್ಣ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ಆ ಡಬ್ಬ ಮೇನ್ಸ್‌ನ ಅರ್ಧ ವೋಲ್ಟೇಜ್‌ಗೆ, ಅಂದರೆ 115ರ ಆಸುಪಾಸಿಗೆ ಏರಿ ಕೂರುತ್ತದೆ. ಕರೆಂಟ್ ಬಹಳ ಕಡಿಮೆ, ಆದ್ದರಿಂದ ಜುಮ್ ಅಷ್ಟೇ. ಅದೇ ಯುಎಸ್‌ಬಿ ವೈರ್ ಹಿಡಿದು ಮೈಕಿಗೂ ಸೇರಿ ಗುಂಯ್ ಅನ್ನುತ್ತಿತ್ತು. ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ, ಮೂರೆಳೆಯ ಎಕ್ಸ್‌ಟೆನ್ಷನ್ ಹಾಕಿದೆವು. ಹಿನ್ನೆಲೆ ಮೈನಸ್ 62ಕ್ಕೆ ಬಂತು. ಫ್ಯಾನ್ ಸದ್ದು ನಿಲ್ಲದೆ ಹೋಗಿದ್ದರೆ ಈ ಅರ್ಥ್ ದೋಷ ಅದರಡಿಯಲ್ಲೇ ಮುಚ್ಚಿಹೋಗಿರುತ್ತಿತ್ತು. ನನ್ನ ಲೆಕ್ಕದಲ್ಲಿ ಫ್ಯಾನಿಗಿಂತ ದೊಡ್ಡ ರಿಪೇರಿ ಇದೇ.

ಖರ್ಚಿನ ಮಾತು. ಫ್ಯಾನಿಗೆ ಸುಮಾರು 600 ರೂಪಾಯಿ. ನಂಬಬಹುದಾದ 450 ವ್ಯಾಟ್‌ನ ಹೊಸ ಎಸ್‌ಎಂಪಿಎಸ್‌ಗೆ ಎರಡೂವರೆ ಸಾವಿರದ ಆಸುಪಾಸು. ಉಳಿತಾಯ ಇದೆ, ಆದರೆ ಈ ಎಸ್‌ಎಂಪಿಎಸ್‌ಗೆ ಇನ್ನು ಎರಡು ಮೂರು ವರ್ಷಕ್ಕಿಂತ ಹೆಚ್ಚು ಭರವಸೆ ಕೊಡಲಾರೆ ಎಂದು ಮೇಷ್ಟ್ರಿಗೆ ಹೇಳಿದ್ದೇನೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಕೆಪಾಸಿಟರ್ ನೋಡಬೇಕು.

ಇದಾದ ಮೇಲೆ ಮೇಷ್ಟ್ರಿಗೆ ಎಡಿಟಿಂಗ್ ಮಾಡಿಕೊಡುವ ಹಳೆಯ ಶಿಷ್ಯೆಯೊಬ್ಬರು ತಮ್ಮ ಕಂಪ್ಯೂಟರನ್ನೂ ತಂದರು. ಅದೇ ಬಗೆಯ ಕರಕರ, ಅದೇ ಅಳತೆಯ ಫ್ಯಾನ್. ಮುಚ್ಚಳ ತೆಗೆದಾಗ 5 ವೋಲ್ಟ್ ಬದಿಯ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಬುಡದಲ್ಲಿ ಕಂದು ಕಲೆ ಇತ್ತು. ಅದಕ್ಕೆ ಫ್ಯಾನ್ ಹಾಕಲು ನಾನು ಒಪ್ಪಲಿಲ್ಲ. ಸದ್ದಿಲ್ಲದ ಫ್ಯಾನ್ ಹಾಕಿಕೊಟ್ಟರೆ ಎಲ್ಲ ಸರಿಯಾಯಿತು ಎಂದು ಅವರು ನಂಬುತ್ತಿದ್ದರು, ಒಂದು ದಿನ ಅದು ಮದರ್‌ಬೋರ್ಡ್ ಮತ್ತು ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದಿತ್ತು. ಹೊಸ ಎಸ್‌ಎಂಪಿಎಸ್ ಕೊಂಡೆವು. 24 ಪಿನ್, ಪ್ರೊಸೆಸರ್‌ನ 4 ಪಿನ್, ಡಿಸ್ಕ್‌ಗಳ ಸಾಟಾ ಕನೆಕ್ಟರ್ ಎಲ್ಲ ಇವೆಯೇ ಎಂದು ಅಂಗಡಿಯಲ್ಲೇ ನೋಡಿ ತಂದೆವು. ಹಳೆಯದನ್ನು ಯಾರೂ ಮತ್ತೆ ಬಳಸಬಾರದೆಂದು ವೈರ್‌ಗಳನ್ನು ಬುಡದಲ್ಲೇ ಕತ್ತರಿಸಿ ಇ-ತ್ಯಾಜ್ಯಕ್ಕೆ ಕೊಟ್ಟೆವು.